ಬೆನ್ನಮ್ಮನ ಹೊಂಡ

ಕೆಂಗಲ್ಲಹಾಳದ ಗುಡ್ಡ ಹತ್ತುವ ದಾರಿಯಲ್ಲಿ, ಹಳೆಯ ಗುಹೆಗಳ ಕಡೆ ತಿರುಗುವ ಮೊದಲು, ಎಡಕ್ಕೆ ಒಂದು ಹೊಂಡ ಸಿಗುತ್ತದೆ. ಮೂರು ಕಡೆ ಕೆಂಪು ಬಂಡೆ, ಒಂದು ಕಡೆ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ, ಅರ್ಧ ನೀರೊಳಗೆ ಅರ್ಧ ಹೊರಗೆ, ಆಳೆತ್ತರದ ಕಲ್ಲೊಂದು ಓರೆಯಾಗಿ ಮಲಗಿದೆ. ಅದರ ಮೇಲೆ ಕುಂಕುಮವಿದೆ, ಹೂವಿದೆ, ಎಣ್ಣೆ ಕುಡಿದು ಕುಡಿದು ಕಪ್ಪಾದ ಹೊಳಪಿದೆ. ಕಣ್ಣು ಮೂಗು ಮಾತ್ರ ಇಲ್ಲ. ಗುಹೆಯ ಶಿಲ್ಪ ನೋಡಲು ದೂರದಿಂದ ಬಂದವರು ಇಲ್ಲಿ ನಿಂತು, ಫೋನು ಹಿಡಿದು, ದೇವರ ಮುಂಭಾಗ ಯಾವ ಕಡೆ ಎಂದು ಸುತ್ತು ಹಾಕುತ್ತಾರೆ. ಎಷ್ಟು ಸುತ್ತಿದರೂ ಸಿಗುವುದು ಬೆನ್ನೇ. ಈಕೆ ಬೆನ್ನಮ್ಮ. ಊರಿನ ಗಂಡಸರನ್ನು ಕೇಳಿದರೆ, ನಮ್ಮ ಹಿರಿಯರ ಬೆನ್ನಿಗೆ ನಿಂತು ಕಾಯ್ದ ತಾಯಿ ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಅದು ಬಂದವರ ಮುಂದೆ ಹೇಳಲು ಹೊಲಿದಿಟ್ಟುಕೊಂಡ ಮಾತು. ಹೆಂಗಸರು ಹೇಳುವ ಕಥೆ ಬೇರೆ. ಅದನ್ನು ಅವರು ತಲೆ ತಗ್ಗಿಸಿಕೊಂಡೇ ಹೇಳುತ್ತಾರೆ.

ಹಿಂದೆ ಒಮ್ಮೆ, ಗುಹೆಗಳಲ್ಲಿ ಇನ್ನೂ ದೀಪ ಉರಿಯುತ್ತಿದ್ದ ಕಾಲದಲ್ಲಿ, ಈ ಊರಿಗೆ ಗ್ರಾಮದೇವತೆ ಇರಲಿಲ್ಲ. ಇದ್ದವಳನ್ನು, ದಂಡು ಬಂದಾಗ ವೈರಿಗಳ ಕೈ ಮುಖಕ್ಕೆ ತಾಗದಿರಲಿ ಎಂದು, ಹಿರಿಯರು ಎಲ್ಲೋ ಬೋರಲು ಮಲಗಿಸಿದ್ದರಂತೆ. ಎಲ್ಲಿ ಎಂದು ಬಲ್ಲವರು ಆ ದಂಡಿಗೇ ಸಿಕ್ಕಿ ಸತ್ತರು. ಅಂದಿನಿಂದ ಊರವರು ಮಣ್ಣಿನ ಗೊಂಬೆ ಮಾಡಿಟ್ಟು, ಅವ್ವಾ ಎಲ್ಲಿದ್ದೀ ಎಂದು ಕರೆಯುತ್ತಿದ್ದರು. ಅಂಥ ಊರಿಗೆ ಕಡಲಾಚೆಯ ದ್ವೀಪದಿಂದ ಮುತ್ತಿನ ವ್ಯಾಪಾರಿಯೊಬ್ಬ ಹೆಂಡತಿಯೊಡನೆ ಬಂದು ಬಿಡಾರ ಹೂಡಿದ. ಗಂಡ ಸಂತೆ ಸಂತೆ ತಿರುಗಿದರೆ ಹೆಂಡತಿ ಗುಡ್ಡ ಗುಡ್ಡ ತಿರುಗಿದಳು. ಕಲ್ಲಿನಲ್ಲಿ ಎಲ್ಲೆಲ್ಲಿ ದೇವರನ್ನು ಕಡೆದಿದ್ದಾರೋ ಅಲ್ಲೆಲ್ಲ ಹೋಗಿ ಕೂರುವಳು. ಬಳ್ಳಿಯ ಸುರುಳಿಯನ್ನು, ದೇವಿಯ ಕಾಲಂದುಗೆಯನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡುವಳು. ತನ್ನ ಕಡೆಯವರು ಯಾರೂ ಇಲ್ಲದ ನಾಡಿನಲ್ಲಿ ಆ ಕಲ್ಲಿನ ಮುಖಗಳೇ ಆಕೆಗೆ ಗುರುತಿನವರಾಗಿದ್ದವು ಎನ್ನುತ್ತಾರೆ. ಊರಿನ ಹೆಂಗಸರು ಆಕೆಯ ಹೆಸರನ್ನು ಕೇಳಲಿಲ್ಲ. ಪರದೇಶಿ ಎಂದರು. ನಮ್ಮ ಮಾತಿನಲ್ಲಿ ಪರನಾಡಿನವಳಿಗೂ ದಿಕ್ಕಿಲ್ಲದವಳಿಗೂ ಅದೊಂದೇ ಹೆಸರು. ಕರೆಯುವವರಿಗೆ ಬೈಯುವ ಕೆಲಸವೂ ಉಳಿಯಿತು.

ಆ ಹೆಂಗಸರಿಗೆಲ್ಲ ಮುಂದಾಳು ಗೌಡರ ಸೊಸೆ ದೇಕವ್ವ. ಕಂಕುಳಲ್ಲಿ ಕೂಸು, ಬಾಯಲ್ಲಿ ಕುಡುಗೋಲು. ಹೊಂಡದ ಒಗೆಯುವ ಕಲ್ಲಿನ ಮುಂದೆ ಅವಳು ಕುಳಿತಳೆಂದರೆ ಬಟ್ಟೆಯ ಜೊತೆ ಊರಿಗೆ ಊರೇ ಒಗೆಸಿಕೊಂಡು ಹೋಗುತ್ತಿತ್ತು. ಮನೆಯಲ್ಲಿ ಅತ್ತೆ ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದಳು. ಅತ್ತೆಯನ್ನು ಕೂಸಿನ ಹಾಗೆ ನೋಡಿಕೊಳ್ಳುವ ಸೊಸೆ ಎಂದು ಸುತ್ತಲ ಹಳ್ಳಿಗಳಲ್ಲಿ ದೇಕವ್ವನಿಗೆ ಹೆಸರು. ಆ ಹೆಸರೆಂದರೆ ಅವಳಿಗೆ ಪ್ರಾಣ. ಒಂದು ಬೆಳಿಗ್ಗೆ ಕೂಸು ಚೀರುತ್ತಿತ್ತು, ಒಲೆಯ ಮೇಲೆ ಅಂಬಲಿ ಉಕ್ಕುತ್ತಿತ್ತು, ಅತ್ತೆ ಮತ್ತೆ ಮತ್ತೆ ಕೂಗುತ್ತಿದ್ದಳು. ದೇಕವ್ವ ಅಂಬಲಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿ ಕಾಲಿನಿಂದ ನೂಕಿದಳು. ಬಟ್ಟಲು ಹೋಗಿ ಮುದುಕಿಯ ಪಕ್ಕೆಗೆ ಬಡಿಯಿತು. ಆ ಸಿಟ್ಟಿನಲ್ಲಿ ಎತ್ತಿದ ಕಾಲು ಬಟ್ಟಲಿಗಷ್ಟೇ ನಿಲ್ಲಲಿಲ್ಲ. ಅತ್ತೆ ಗೋಡೆಯ ಕಡೆ ಹೊರಳಿಕೊಂಡಳು. ಯಾರಾದರೂ ನೋಡಿದರೋ ಎಂದು ದೇಕವ್ವ ಬಾಗಿಲಿಗೆ ಬಂದರೆ, ಬೀದಿಯಲ್ಲಿ ಪರದೇಶಿ ಗುಡ್ಡದ ಕಡೆ ನಡೆದು ಹೋಗುತ್ತಿದ್ದಳು.

ಅದೇ ದಿನ ಹೊಂಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುವಾಗ ಆಕೆ ಗುಡ್ಡ ಇಳಿದು ಬಂದಳು. ಒಗೆಯುವ ಕಲ್ಲಿನ ಅಂಚಿನಲ್ಲಿ ಕಾಲಂದುಗೆಯ ಗುರುತೊಂದು ಕಂಡಿತೆಂದು ತೋರುತ್ತದೆ. ಮೆಟ್ಟಿಲ ಮೇಲೆ ಬೋರಲು ಮಲಗಿ, ಕಲ್ಲಿನ ಅಡಿಯ ನೀರಿಗೆ ಭುಜದವರೆಗೂ ಕೈ ಇಳಿಬಿಟ್ಟು, ಬಹಳ ಹೊತ್ತು ತಡವಿದಳು. ಎದ್ದಾಗ ಅವಳ ಕಣ್ಣಲ್ಲಿ ನೀರಿತ್ತು. ಬಟ್ಟೆ ಬಡಿಯಲು ಎತ್ತಿದ್ದ ದೇಕವ್ವನ ಕೈಯನ್ನು ಗಟ್ಟಿಯಾಗಿ ಹಿಡಿದು, ಬಂದಷ್ಟು ಕನ್ನಡದಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಬ್ಯಾಡ ಅಕ್ಕಾ, ಅವ್ವನ್ನ ಒದಿಬ್ಯಾಡ" ಎಂದಳು.

ಹೊಂಡದಲ್ಲಿ ಬಡಿಯುವ ಸದ್ದು ನಿಂತಿತು. ನೆರೆಮನೆಯ ಚಟ್ಟವ್ವ, "ಯಾವ ಅವ್ವನ್ನ ಒದ್ದೀಯೇ ದೇಕವ್ವಾ?" ಎಂದು ಕಿಸಕ್ಕನೆ ನಕ್ಕಳು. ದೇಕವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಬಾಯಿ ಬಿಟ್ಟವಳು ಅವಳೇ. "ಗಂಡ ಮುತ್ತು ಮಾರ್ತಾನ, ನೀ ಮನಿ ಮನಿ ಇಣಿಕಿ ಮಂದಿ ಮಾನ ಮಾರ್ತೀಯೇನ?" ಎಂದು ಶುರು ಮಾಡಿ, ಇವಳು ಗುಡ್ಡ ಸುತ್ತುವುದು ಭಕ್ತಿಗಲ್ಲ, ಯಾವ ದೇವರನ್ನು ಕಿತ್ತು ಹಡಗಿಗೆ ಏರಿಸಬಹುದೆಂದು ನೋಡುವುದಕ್ಕೆ ಎಂದುಬಿಟ್ಟಳು. ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ದೇವಿಯನ್ನು ಕಳೆದುಕೊಂಡ ಊರಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಹಿರಿಯರು ವ್ಯಾಪಾರಿಯ ಬಿಡಾರ ಕೀಳಿಸಿದರು. ಹೋಗುವಾಗ ಆಕೆ ಹೊಂಡಕ್ಕೆ ಬಂದು ಒಗೆಯುವ ಕಲ್ಲಿಗೆ ಕೈಮುಗಿದಳು. ನೋಡಿದವರೆಲ್ಲ ನಕ್ಕರು. ದೇಕವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು.

ಬೇಸಿಗೆಯಲ್ಲಿ ಹೊಂಡದ ನೀರು ಇಳಿಯಿತು. ಒಗೆಯುತ್ತಿದ್ದ ದೇಕವ್ವನ ಕೈಯಿಂದ ಕೂಸಿನ ಕುಂಚಿಗೆ ಜಾರಿ ಕಲ್ಲಿನ ಅಡಿಗೆ ಹೋಯಿತು. ತೆಗೆಯಲು ಬೋರಲು ಮಲಗಿ ಕೈ ಚಾಚಿದಳು. ಬಟ್ಟೆ ಸಿಗಲಿಲ್ಲ, ಮೂಗು ಸಿಕ್ಕಿತು. ಮೂಗಿನ ಕೆಳಗೆ ತುಟಿ. ತುಟಿಯ ಮೇಲೆ, ನೀರಿನೊಳಗೂ, ಸಣ್ಣ ನಗೆಯ ತಿರುವು. ಒಗೆಯಬೇಡ ಎನ್ನಲು ಹೋಗಿ ಪರನಾಡಿನ ನಾಲಿಗೆ ಒದೆಯಬೇಡ ಎಂದಿತ್ತು. ಒಂದಕ್ಷರ ತೊಡರಿತ್ತು, ಅಷ್ಟೆ. ಆಕೆ ದೇಕವ್ವನ ಮನೆಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಸುದ್ದಿ ತಿಳಿದು ಊರೇ ಕೂಡಿತು. ಗಂಡಸರು ಹಗ್ಗ, ಬೊಂಬು ತಂದು ದೇವಿಯನ್ನು ಮೇಲಕ್ಕೆ ಹೊರಳಿಸಲು ನಿಂತರು. ದೇಕವ್ವ ಅಡ್ಡ ಬಂದಳು. "ಯಾವ ಮುಖ ಇಟ್ಕೊಂಡು ಆಕಿ ಮುಖ ನೋಡ್ತೀರಿ? ಇಷ್ಟು ವರ್ಷ ಆಕಿ ಬೆನ್ನ ಮ್ಯಾಲೆ ಹೊಲಸು ಬಡಿದೀವಿ." ಚಟ್ಟವ್ವ ಬಿಡುವವಳಲ್ಲ. "ಹಂಗಾರ ಅವತ್ತು ಆ ಪರದೇಶಿ ಅಂದದ್ದು ಈ ಅವ್ವನ ಮಾತು. ನೀ ಯಾಕ ಹಂಗ ಉರದೆದ್ದಿ?" ಎಂದಳು. ಸುಳ್ಳು ಹೇಳಲು ದೇಕವ್ವನಿಗೆ ಬಾಯಿ ಸಾಲದಿರಲಿಲ್ಲ. ಆದರೂ, "ಮನ್ಯಾಗಿನ ಅವ್ವನ್ನೂ ಒದ್ದಿದ್ದೆ. ಅದಕ್ಕ ಉರದೆ," ಎಂದಳು. ಆ ಮೇಲೆ ಯಾರೂ ಹಗ್ಗ ಮುಟ್ಟಲಿಲ್ಲ. ದ್ವೀಪದವಳನ್ನು ಕರೆತರಲು ಕಡಲ ದಂಡೆಗೆ ಆಳು ಹೋದ. ಏನೆಂದು ಕೇಳುವುದು? ಹೆಸರು ಯಾರಿಗೂ ಗೊತ್ತಿಲ್ಲ. ಪರದೇಶಿ ಎಂದು ಕೇಳೋಣವೆಂದರೆ ಅಲ್ಲಿದ್ದವರೆಲ್ಲ ಪರದೇಶಿಗಳೇ, ಕೇಳಲು ಹೋದವನೂ ಸೇರಿ. ಬಂದ ದಾರಿಯಲ್ಲೇ ತಿರುಗಿ ಬಂದ.

ಇಂದಿಗೂ ಊರಿಗೆ ಬಂದ ಹೊಸ ಸೊಸೆ ಮೊದಲು ಈ ಬೆನ್ನಿಗೆ ಕೈಯಾರೆ ಎಣ್ಣೆ ತಿಕ್ಕಿ, ಉಳಿದ ಎಣ್ಣೆಯನ್ನು ಅತ್ತೆಯ ಬೆನ್ನಿಗೆಂದು ಮನೆಗೆ ಒಯ್ಯುತ್ತಾಳೆ. ದೇವಿಯ ಮುಖವನ್ನು ಕಂಡವರು ಯಾರೂ ಇಲ್ಲ. ಮೆಟ್ಟಿಲ ಮೇಲೆ ಮಲಗಿ ನೀರಿಗೆ ಕೈ ಇಳಿಬಿಟ್ಟವರಿಗೆ ಬೆರಳಿಗೆ ಸಿಗುತ್ತದೆ ಎನ್ನುತ್ತಾರೆ. ಕಲ್ಲಿನ ನಡುವೆ, ಹಿಂದೆ ಬಟ್ಟೆ ಬಡಿಯುತ್ತಿದ್ದಲ್ಲಿ, ಅಂಗೈಯಗಲದ ನುಣುಪಾದ ತಗ್ಗೊಂದಿದೆ. ಎಲ್ಲಿ ಎಣ್ಣೆ ಸವರಿದರೂ ಹರಿದು ಬಂದು ಅಲ್ಲೇ ನಿಲ್ಲುತ್ತದೆ. ಗುಹೆಯ ಶಿಲ್ಪಗಳನ್ನು ನೋಡಿ ಇಳಿದು ಬಂದವರು ಅದನ್ನು ಮುಟ್ಟಿ, ಎಷ್ಟು ನಯವಾಗಿದೆ, ಇದೂ ಆ ಶಿಲ್ಪಿಗಳದೇ ಕೆಲಸವೇ ಎಂದು ಕೇಳುತ್ತಾರೆ. ಅಲ್ಲ. ಅದು ನಮ್ಮ ಕೆಲಸ.