ಡೊಂಕು ಬೆನ್ನಿನ ಕೇರೆಹಾವು

ಶಾಂತಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಬೆನ್ನು ಡೊಂಕಾದ ಹಾವಿನ ಮರಿಯನ್ನು ಒಬ್ಬ ಮಾರಲು ತಂದರೆ, ಅದನ್ನು ಕೊಂಡು ಸಾಕುವುದು ಪುಣ್ಯವೋ, ಪಾಪವೋ?"

ಈ ಪ್ರಶ್ನೆ ಈಗ ಯಾಕೆ ಬಂತು ಎಂದು ಗುರುಗಳು ವಿಚಾರಿಸಿದರು. ಮಠದ ಹೊರಗಿನ ಬಾವಿಕಟ್ಟೆಯ ಮೇಲೆ ಒಬ್ಬ ಹಾವಾಡಿಗ ಕೂತಿದ್ದಾನೆ, ಅವನ ಬಳಿ ಅಂಥದೊಂದು ಮರಿ ಇದೆ, ಯಾರೂ ಕೊಳ್ಳದಿದ್ದರೆ ಬಯಲಲ್ಲಿ ಬಿಟ್ಟು ಹೋಗುತ್ತಾನಂತೆ, ಬಿಟ್ಟರೆ ಅದು ಹದ್ದಿನ ಪಾಲು ಎಂದು ಶಾಂತಯ್ಯ ಹೇಳಿದ. ಆದರೆ ಅವನ ಮೇಲೆ ತನಗೆ ನಂಬಿಕೆಯಿಲ್ಲ, ಬೇಕೆಂದೇ ಮರಿಯ ಬೆನ್ನು ತಿರುಚಿದ್ದರೂ ತಿರುಚಿರಬಹುದು, ಅವನ ಕಣ್ಣೇ ಸರಿಯಿಲ್ಲ ಎಂದೂ ಸೇರಿಸಿದ.

"ಕಣ್ಣು ನೋಡಿ ಕಳ್ಳನನ್ನು ಹಿಡಿಯುವ ವಿದ್ಯೆ ನನಗೆ ಬರುವುದಿಲ್ಲ," ಎಂದರು ಗುರುಗಳು. "ಒಂದು ಕತೆ ಬರುತ್ತದೆ. ಕೂತುಕೋ, ಹೇಳುತ್ತೇನೆ."

ಒಂದು ಪೇಟೆ. ಅಲ್ಲಿ ಜೋಳದ ವ್ಯಾಪಾರಿಗಳು ಹೆಚ್ಚು. ಜೋಳವಿದ್ದ ಕಡೆ ಇಲಿಯೂ ಇರುತ್ತದೆ. ಆದ್ದರಿಂದ ಪ್ರತಿ ವ್ಯಾಪಾರಿಯೂ ತನ್ನ ಉಗ್ರಾಣದಲ್ಲಿ ಒಂದು ಕೇರೆಹಾವು ಸಾಕುವುದು ಆ ಪೇಟೆಯ ವಾಡಿಕೆ. ಕೇರೆಗೆ ವಿಷವಿಲ್ಲ, ಇಲಿಯ ಆಸೆ ಮಾತ್ರ ಬಹಳ. ಮರಿಗಳನ್ನು ತಂದುಕೊಡುವವನು ಒಬ್ಬ ಹಾವಾಡಿಗ. ಅವನು ಊರ ಹೊರಗೆ ಬಿಡಾರ ಹೂಡಿ, ಹಾವಿನ ಮೊಟ್ಟೆಗಳನ್ನು ಮರಳು ತುಂಬಿದ ಗಡಿಗೆಯಲ್ಲಿಟ್ಟು ಮರಿ ಮಾಡಿಸುತ್ತಿದ್ದ. ಮರಿಗೆ ಒಂದು ಕೊಳಗ ಜೋಳ. ಅದರಲ್ಲಿ ಚೌಕಾಸಿ ಇರಲಿಲ್ಲ, ಪರೀಕ್ಷೆ ಇತ್ತು. ವ್ಯಾಪಾರಿ ಅಂಗಳದಲ್ಲಿ ಒಲೆಯ ಬೂದಿ ಹರಡಿ, ಮರಿಯನ್ನು ಅದರ ಮೇಲೆ ಹರಿಯಬಿಡುತ್ತಿದ್ದ. ಬೂದಿಯಲ್ಲಿ ಮೂಡಿದ ಗೆರೆ ಸರಾಗವಾಗಿದ್ದರೆ ಮರಿ ಉಗ್ರಾಣಕ್ಕೆ ಹೋಗುತ್ತಿತ್ತು. ಗೆರೆ ಮುಗ್ಗರಿಸಿದ್ದರೆ ಮರಳಿ ಬುಟ್ಟಿಗೆ ಹೋಗುತ್ತಿತ್ತು.

ಒಂದು ವರ್ಷ ಒಂದು ಮರಿ ಹಾಗೆ ಮರಳಿ ಬುಟ್ಟಿಗೆ ಹೋಯಿತು. ಅದರ ಬೆನ್ನು ಎರಡು ಕಡೆ ಡೊಂಕಾಗಿತ್ತು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ವ್ಯಾಪಾರಿ, ಇದರ ಗತಿ ಏನು ಎಂದು ಕೇಳಿದ. ಹುತ್ತದ ಬಳಿ ಬಿಟ್ಟುಬಿಡುತ್ತೇನೆ, ಆಮೇಲಿನದ್ದು ನನಗೆ ಗೊತ್ತಿಲ್ಲ ಎಂದ ಹಾವಾಡಿಗ. ವ್ಯಾಪಾರಿಗೆ ಮರಿಯ ಮೇಲೆ ಕನಿಕರ ಹುಟ್ಟಿತು. ಅವನ ಉಗ್ರಾಣದಲ್ಲಿ ಆಗಲೇ ಒಂದು ಗಟ್ಟಿಮುಟ್ಟಾದ ಕೇರೆ ಇತ್ತು, ಇನ್ನೊಂದು ಬೇಕಿರಲಿಲ್ಲ. ಆದರೂ ಪೂರ್ತಿ ಒಂದು ಕೊಳಗ ಜೋಳ ಅಳೆದುಕೊಟ್ಟು ಡೊಂಕು ಮರಿಯನ್ನು ಮನೆಗೆ ತಂದ.

ಅವನು ಅದನ್ನು ಚೆನ್ನಾಗಿಯೇ ಸಾಕಿದ, ಸುಳ್ಳು ಹೇಳಬಾರದು. ಡೊಂಕು ಹಾವಿಗೆ ದೊಡ್ಡ ತುತ್ತು ಇಳಿಯುವುದಿಲ್ಲ. ಅವನೇ ಕೆರೆಯ ಅಂಚಿಗೆ ಹೋಗಿ ಪುಟ್ಟ ಪುಟ್ಟ ಕಪ್ಪೆ ಹಿಡಿದು ತರುತ್ತಿದ್ದ. ಪೇಟೆಯ ಜನ ಅವನನ್ನು ಧರ್ಮಾತ್ಮ ಎಂದರು. ಅವನಿಗೂ ಅದು ಹಿತವಾಯಿತು. ಯಾರಿಗೆ ಆಗುವುದಿಲ್ಲ ಹೇಳು.

ಮರುವರ್ಷ ಹಾವಾಡಿಗ ಎರಡು ಡೊಂಕು ಮರಿಗಳನ್ನು ನೇರವಾಗಿ ಅವನ ಮನೆಗೇ ತಂದ. ವ್ಯಾಪಾರಿ ಎರಡನ್ನೂ ಕೊಂಡ. ನೆಟ್ಟಗಿನ ಮರಿಗಳನ್ನು ತೋರಿಸಿದರೆ ಬೇಡ ಎಂದ. ಮೂರನೆಯ ವರ್ಷ ಐದು ಬಂದವು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಹೆಂಡತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಹಲಗೆ ಇಟ್ಟುಕೊಂಡಳು. ಆಗ ಅವನು ಹಾವುಗಳನ್ನು ಹಂಚಲು ಶುರುಮಾಡಿದ. ಅಕ್ಕನ ಮನೆಗೆ ಒಂದು, ಬೀಗರ ಮನೆಗೆ ಒಂದು, ಮಕ್ಕಳಿಲ್ಲದ ದಂಪತಿಗಳಿಗೆ ಒಂದು. ಪುಣ್ಯ ಬರುತ್ತದೆ ಎಂದು ಹೇಳಿ ಕೊಟ್ಟ. ಹೇಗೆ ಉಣಿಸಬೇಕು ಎಂದು ಹೇಳಲಿಲ್ಲ. ಹೇಳಿದರೆ ಅವರು ಬೇಡ ಎನ್ನುತ್ತಿದ್ದರು.

ಒಮ್ಮೆ ದಾರಿಯಲ್ಲಿ ಹೋಗುತ್ತ ಬೀಗರ ಮನೆಗೆ ಹೊಕ್ಕ. ಹಾವು ಕೊಟ್ಟಿದ್ದ ಗಡಿಗೆಯಲ್ಲಿ ಮಜ್ಜಿಗೆ ಇತ್ತು. ಹಾವು ಎಲ್ಲಿ ಎಂದು ಕೇಳಿದ. ಹಾಲೆರೆದೆವು, ಕುಡಿಯಲಿಲ್ಲ, ಹೋಯಿತು ಎಂದರು. ಸತ್ತುಹೋಯಿತೋ ಹೊರಟುಹೋಯಿತೋ ಎಂದು ಅವನು ಕೇಳಲಿಲ್ಲ. ಉಳಿದ ಮನೆಗಳಿಗೆ ಹೋಗಿ ನೋಡಲೂ ಇಲ್ಲ. ನೋಡಿದರೆ ಮರಳಿ ತರಬೇಕಾಗುತ್ತಿತ್ತು. ಕೊಡುಗೈಯವರಲ್ಲಿ ಈ ರೋಗ ಇದೆ ಶಾಂತಯ್ಯ, ಕೊಟ್ಟ ಮೇಲೆ ಆ ಕಡೆ ತಿರುಗಿ ನೋಡುವುದಿಲ್ಲ.

ನಾಲ್ಕನೆಯ ವರ್ಷ ಬುಟ್ಟಿ ತುಂಬ ಡೊಂಕು ಮರಿಗಳೇ ಬಂದವು. ಆಗ ವ್ಯಾಪಾರಿಯ ತಲೆಗೆ ಹುಳ ಹೊಕ್ಕಿತು. ದೇವರು ಇಷ್ಟೊಂದನ್ನು ಡೊಂಕು ಮಾಡುವುದಿಲ್ಲ, ಇದು ಮನುಷ್ಯನ ಕೈವಾಡ ಎಂದುಕೊಂಡ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೆಂಡತಿಗೆ ಹೇಳಿದ. ಒಂದೊಂದು ಮರಿಯನ್ನೂ ಬಿಸಿಲಿಗೆ ಹಿಡಿದು ಬೆರಳಿನ ಗುರುತು ಹುಡುಕಿದ. ಹಾವಾಡಿಗನ ಹೆಬ್ಬೆರಳು ಯಾಕೆ ಅಷ್ಟು ದಪ್ಪ ಎಂದು ಯೋಚಿಸಿದ. ಅವನು ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಹಿಂದೆಲ್ಲ ಮನೆಯ ಜಗಲಿಯಲ್ಲಿ ಕೂರಿಸಿ ನೀರು ಕೊಡುತ್ತಿದ್ದ ಹಾವಾಡಿಗನನ್ನು ಈ ಸಲ ಹೊರಗೇ ನಿಲ್ಲಿಸಿ ಜೋಳ ಅಳೆದ.

ಮರುವರ್ಷ ಮರಿ ಮಾಡಿಸುವ ಕಾಲ ಬಂದಾಗ ವ್ಯಾಪಾರಿ ಅಂಗಡಿ ಮುಚ್ಚಿ, ಬಿಡಾರದ ಬಳಿಯ ಜಾಲಿಪೊದೆಯ ಮರೆಯಲ್ಲಿ ಹಗಲೆಲ್ಲ ಕೂತ. ಮೂರು ದಿನ ಕೂತ. ಹಾವಾಡಿಗ ಯಾವ ಹಾವಿನ ಮೇಲೂ ಕೈ ಮಾಡಲಿಲ್ಲ. ಬಿಸಿಲೇರಿದಾಗ ಬುಟ್ಟಿಗಳ ಮೇಲೆ ಒದ್ದೆ ಬಟ್ಟೆ ಹಾಸಿದ. ಮುದಿ ಹಾವೊಂದು ಸತ್ತಾಗ ಗುಂಡಿ ತೋಡಿ ಮಣ್ಣು ಮಾಡಿ, ಸ್ವಲ್ಪ ಹೊತ್ತು ಅಲ್ಲೇ ಕೂತ. ಇದನ್ನು ನೋಡಿ ವ್ಯಾಪಾರಿಯ ಅನುಮಾನ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು. ಇಷ್ಟು ಒಳ್ಳೆಯವನಂತೆ ಕಾಣುವವನು ಎಷ್ಟು ಆಳದ ಕಳ್ಳನಿರಬೇಕು ಎಂದುಕೊಂಡ. ಸಂಶಯ ಹಿಡಿದವನಿಗೆ ಎದುರಿನವನ ಒಳ್ಳೆಯತನವೂ ಒಂದು ಸಾಕ್ಷಿಯೇ.

ಮೂರನೆಯ ದಿನ ಹಾವಾಡಿಗ ಹಾವು ಹಿಡಿಯಲು ಹೊರಗೆ ಹೋದ. ವ್ಯಾಪಾರಿ ಪೊದೆಯಿಂದೆದ್ದು ನೇರವಾಗಿ ಬಿಡಾರದೊಳಕ್ಕೆ ನುಗ್ಗಿದ. ಹಾವಾಡಿಗನ ಹೆಂಡತಿ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದಳು. ಒಲೆಯ ಮೇಲೆ ಅಡುಗೆ ಏನೂ ಇರಲಿಲ್ಲ. ಒಲೆಗೆ ತಾಗಿದಂತೆ ಮರಳಿನ ಗಡಿಗೆ ಇತ್ತು.

"ಮೊಟ್ಟೆಯ ಗಡಿಗೆ ಬೆಂಕಿಯ ಹತ್ತಿರ ಯಾಕಿದೆಯವ್ವಾ?" ಎಂದು ಅವನು ಕೇಳಿದ.

ಅವಳು ಗಾಬರಿಯಾಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಹೇಳಿದಳು: "ತಣ್ಣಗಿರೋ ಕಡೆ ಇಟ್ರೆ ನೆಟ್ಟಗೆ ಹುಟ್ತಾವೆ, ಧಣಿ. ನಿಮಗೆ ಡೊಂಕಿನವೇ ಬೇಕಲ್ಲ. ಏನೋ ಹರಕೆ ಹೊತ್ತಿದೀರಿ ಅಂತ ತಿಳ್ಕೊಂಡ್ವಿ. ಮೊದಲ ಮರಿ ತಾನಾಗೇ ಹಂಗೆ ಹುಟ್ಟಿತ್ತು. ಆಮೇಲೆಲ್ಲ ನಿಮಗೋಸ್ಕರ ನಾನೇ ಒಲೆ ಆರದಂಗೆ ಕಾಯ್ತಾ ಇದೀನಿ."

ಅವಳ ಮಾತಿನಲ್ಲಿ ಮೋಸ ಇರಲಿಲ್ಲ. ದೊಡ್ಡವರೊಬ್ಬರ ವ್ರತಕ್ಕೆ ತಾನೂ ಕೈಜೋಡಿಸಿದೆನೆಂಬ ಹೆಮ್ಮೆ ಇತ್ತು. ಪೇಟೆಯ ಉಗ್ರಾಣಗಳಿಗೆಲ್ಲ ಆಗಲೇ ಹಾವು ಸಿಕ್ಕಾಗಿತ್ತು. ಒಂದು ಹಾವು ಎಷ್ಟೋ ವರ್ಷ ಬಾಳುತ್ತದೆ, ಇನ್ನೊಂದನ್ನು ಯಾರೂ ಕೇಳುತ್ತಿರಲಿಲ್ಲ. ವರ್ಷ ವರ್ಷವೂ ತಪ್ಪದೆ ಕೊಳ್ಳುವವನು ಇವನೊಬ್ಬನೇ. ಇವನ ಜೋಳದಿಂದಲೇ ಆ ಬಿಡಾರದ ಹೊಟ್ಟೆ ತುಂಬುತ್ತಿತ್ತು.

ವ್ಯಾಪಾರಿ ಬಾಗಿ ಆ ಬಿಸಿ ಗಡಿಗೆಯನ್ನು ಬರಿಗೈಯಲ್ಲೇ ಎಳೆದು ಬಿಡಾರದ ತಣ್ಣನೆಯ ಮೂಲೆಗೆ ಇಟ್ಟ. ಇಪ್ಪತ್ತು ದಿನದಿಂದ ಬೆಂಕಿಯ ಪಕ್ಕ ಇದ್ದ ಗಡಿಗೆ ಅದು. ಇನ್ನು ಒಳಗಿರೋವು ಯಾರ ಮನೆಗೆ ಎಂದು ಅವಳು ಮೆಲ್ಲಗೆ ಕೇಳಿದಳು. ಎಲ್ಲ ನನ್ನ ಮನೆಗೇ, ಬೇರೆ ಯಾರ ಮನೆಗೂ ಅಲ್ಲ ಎಂದು ಅವನು ಹೇಳಿದ. ಅಲ್ಲೇ ನಿಂತು ಅವಳೊಂದಿಗೆ ಒಂದು ಕರಾರನ್ನೂ ಮಾಡಿಕೊಂಡ. ಇನ್ನು ಮೇಲೆ ನೆಟ್ಟಗೆ ಹುಟ್ಟಿದ ಮರಿಗೆ ಜೋಳ ಅಳೆಯುತ್ತೇನೆ, ಬೇಕಿರಲಿ ಬೇಡವಾಗಿರಲಿ. ಡೊಂಕಾದದ್ದು ಹುಟ್ಟಿದರೆ ಅದನ್ನೂ ತನ್ನಿ, ಸಾಯುವ ತನಕ ಸಾಕುತ್ತೇನೆ. ಆದರೆ ಅದಕ್ಕೆ ಒಂದು ಹಿಡಿ ಜೋಳವನ್ನೂ ಕೊಡುವುದಿಲ್ಲ.

ಅಲ್ಲಿಂದ ಹೊರಟವನು ಮನೆಗೆ ಹೋಗಲಿಲ್ಲ. ಹಾವು ಹಂಚಿದ್ದ ಮನೆಗಳಿಗೆಲ್ಲ ಒಂದೊಂದಾಗಿ ಹೋದ. ಬದುಕಿ ಉಳಿದಿದ್ದದ್ದು ಅಕ್ಕನ ಮನೆಯದೊಂದೇ. ಅದನ್ನು ಎತ್ತಿಕೊಂಡು ಬಂದ. ಮುಂದಿನ ವರ್ಷ ಹಾವಾಡಿಗ ತಂದ ಬುಟ್ಟಿಯಲ್ಲಿ ಡೊಂಕು ಮರಿ ಒಂದೇ ಇತ್ತು. ಪೇಟೆಯಲ್ಲಿ ಆ ವ್ಯಾಪಾರಿಯನ್ನು ಧರ್ಮಾತ್ಮ ಎನ್ನುವವರು ಆಮೇಲೆ ಯಾರೂ ಇರಲಿಲ್ಲ. ಬೇಡದ ಹಾವಿಗೆಲ್ಲ ಜೋಳ ಸುರಿಯುವ ಹುಚ್ಚ ಎಂದರು.

ಗುರುಗಳು ಕತೆ ನಿಲ್ಲಿಸಿದರು.

ಶಾಂತಯ್ಯನ ಮುಖ ಹಗುರವಾಯಿತು. ಹಾಗಾದರೆ ಕತೆಯ ಹಾವಾಡಿಗನದು ತಪ್ಪಿರಲಿಲ್ಲ, ಬಾವಿಕಟ್ಟೆಯವನೂ ಕೆಟ್ಟವನಿರಲಿಕ್ಕಿಲ್ಲ, ತಾನೇ ಸುಮ್ಮನೆ ಅನುಮಾನಪಟ್ಟೆ ಎಂದ. ಆ ಮರಿ ಸಾಯುವುದೂ ಬೇಡ, ತನಗೆ ಪಾಪ ತಟ್ಟುವುದೂ ಬೇಡ, ಈ ಸಲಕ್ಕೆ ಇದೊಂದನ್ನು ಕೊಂಡು ತರಲು ಅಪ್ಪಣೆಯಾಗಬೇಕು ಎಂದು ಕೈಮುಗಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರನ್ನು ಗುರುಗಳು ಬಹಳ ನೋಡಿದ್ದರು. ಅವರು ಕೋಪಿಸಿಕೊಳ್ಳಲಿಲ್ಲ, ಅಪ್ಪಣೆಯನ್ನೂ ಕೊಡಲಿಲ್ಲ. ಶಿಷ್ಯನ ಮುಖವನ್ನೇ ನೋಡುತ್ತ ಒಂದು ಮಾತು ಕೇಳಿದರು. ಶಾಂತಯ್ಯ ಮುಗಿದ ಕೈಯನ್ನು ಮೆಲ್ಲಗೆ ಇಳಿಸಿದ.

"ಅವನಿಂದ ನೀನು ಕೊಳ್ಳುತ್ತಿರುವುದು ಇದು ಎಷ್ಟನೆಯದು?"