ಬುರುಜಿನಿಂದ ಕಂಡ ಮನೆ

"ಗುರುಗಳೇ, ಮಠಕ್ಕೆ ಬಂದವರು ಯಾವ ಕಡೆಯವರು, ಎಷ್ಟು ವಯಸ್ಸಿನವರು ಎಂದು ನೋಡಿದರೆ ಸಾಕು, ಅವರಿಗೆ ಏನು ಬೇಕೆಂದು ನನಗೆ ಗೊತ್ತಾಗಿಬಿಡುತ್ತದೆ. ಹಾಗಿರುವಾಗ ಒಬ್ಬೊಬ್ಬರನ್ನೂ ಕೇಳುತ್ತ ಕೂರುವುದು ಯಾಕೆ?"

ಕೇಳಿದವನು ಮುರಿಗೆಪ್ಪ. ಗಡಿ ಊರಿನ ಮಠದಲ್ಲಿ ಪ್ರವಾಸಿಗರನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಅವನ ಮಾತಿನಲ್ಲಿ ಪ್ರಶ್ನೆಗಿಂತ ಹೆಮ್ಮೆಯೇ ಹೆಚ್ಚಿತ್ತು. ಗುರುಗಳು ಬೇಸರಿಸದೆ ಒಂದು ಕತೆ ಹೇಳಿದರು.

ಇನ್ನೊಂದು ಗಡಿ ಊರಿನಲ್ಲಿ, ಬಂದವರಿಗೆ ಊರು ತೋರಿಸುವವನೊಬ್ಬನಿದ್ದ. ಜನ ಬಸ್ಸಿನಿಂದ ಕಾಲು ಕೆಳಗಿಡುವ ಮೊದಲೇ ಅವರನ್ನು ಅಳೆದುಬಿಡುತ್ತಿದ್ದ. ಗಡಿಯ ಈಚೆಯವರಾದರೆ ಮೊದಲು ಗಡಿಕಲ್ಲು; ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಫೋಟೊ ತೆಗೆಸಿಕೊಳ್ಳುವ ಹುಚ್ಚು ಅವರಿಗೆ. ಆಚೆಯವರು ಆ ಕಲ್ಲಿನತ್ತ ತಿರುಗಿಯೂ ನೋಡರು; ಅವರಿಗೆ ಸೀರೆ ಪೇಟೆ. ಮಕ್ಕಳೊಂದಿಗರಿಗೆ ಕೆರೆ, ಹರೆಯದವರಿಗೆ ಕೋಟೆ. ತಲೆ ನರೆತವರು ಯಾವ ಕಡೆಯಿಂದ ಬಂದರೂ ಗುಡಿ. ಎಲ್ಲಿಗೆ ಹೋಗಬೇಕು ಎಂದು ಮೂವತ್ತು ವರ್ಷದಲ್ಲಿ ಅವನು ಒಬ್ಬರನ್ನೂ ಕೇಳಿರಲಿಲ್ಲ. ಅಂದಾಜು ತಪ್ಪಿತೆಂದು ಅವನಿಗೆ ಒಬ್ಬರೂ ಹೇಳಿರಲಿಲ್ಲ.

ಊರಿಗೂ ಅವನೆಂದರೆ ಅಭಿಮಾನ. ಇಂಥವನು ಆಚೆ ಕಡೆ ಹುಡುಕಿದರೂ ಸಿಗುವುದಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಕೊನೆಗೆ ರೇಷ್ಮೆ ರುಮಾಲು ಸುತ್ತಿ ಅವನಿಗೆ ಸನ್ಮಾನ ಮಾಡಲು ನಿಶ್ಚಯಿಸಿದರು. ಆ ರುಮಾಲು ಅದುವರೆಗೆ ಗೌಡರ, ವರ್ತಕರ ತಲೆಯನ್ನಷ್ಟೇ ಏರಿತ್ತು. ತನ್ನ ತಲೆಗೂ ಒಮ್ಮೆ ಬರಲಿ ಎಂದು ಅವನು ವರ್ಷಗಟ್ಟಲೆ ಆಸೆಪಟ್ಟಿದ್ದ.

ಸನ್ಮಾನ ಸಂಜೆ ಐದಕ್ಕೆ. ಅಂದು ಮಧ್ಯಾಹ್ನ ಗಡಿಯಾಚೆಯಿಂದ ಒಬ್ಬಳು ಮುದುಕಿ ಬಂದಳು. ಆರಕ್ಕೆ ಅವಳ ಬಸ್ಸು. ಗುಡಿ ತೋರಿಸಿ ಬಂದರಾಯಿತು ಎಂದುಕೊಂಡು ಅವನು ಮುಂದೆ ಹೊರಟ. ಮುದುಕಿ ಸುಮ್ಮನೆ ಹಿಂದೆ ನಡೆದಳು. ಗುಡಿಯಲ್ಲಿ ಕೈಮುಗಿದಳು, ಕಂಬಗಳನ್ನು ನೋಡಿದಳು, ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಮಾತ್ರ ಕೋಟೆಯ ಬುರುಜನ್ನೇ ನೋಡುತ್ತ ನಿಂತುಬಿಟ್ಟಳು.

"ಗುಡಿ ಭಾಳ ಚಲೋ ಐತಿ, ತಮ್ಮಾ. ಆದ್ರ ನಾ ಬಂದಿದ್ದು ಆ ಬುರುಜು ಹತ್ತಾಕ" ಎಂದಳು. "ನಮ್ಮ ಹೊಲದಾಗ ನಿಂತ್ರ ದಿನಾ ಅದು ಕಾಣತೈತಿ. ಅಲ್ಲಿಂದ ನಮ್ಮ ಮನಿ ಹ್ಯಾಂಗ ಕಾಣತೈತೋ ಒಮ್ಮೆ ನೋಡಬೇಕಾಗಿತ್ತು. ಗುರ್ತು ಸಿಗಲಿ ಅಂತ ನಿನ್ನೆ ಮನಿ ಗ್ವಾಡಿಗೆ ಸುಣ್ಣ ಬಳದು ಬಂದೀನಿ."

"ಮೊದಲ ಯಾಕ ಹೇಳಲಿಲ್ಲ, ಆಯಿ?"

"ನೀ ಎಲ್ಲಾ ಗೊತ್ತಿದ್ದವನಂಗ ಮುಂದ ಹೊಂಟಿ. ತಡದು ಹೇಳಾಕ ನಾಚಿಕಿ ಬಂತು."

ಅವನಿಗೆ ಮುಖ ಎತ್ತಲಾಗಲಿಲ್ಲ. ಅತ್ತ ಊರಿನ ಕಟ್ಟೆಯಲ್ಲಿ ಸನ್ಮಾನದ ಡೊಳ್ಳು ಶುರುವಾಗಿತ್ತು. ಈಗ ಕೋಟೆ ಹತ್ತಿದರೆ ರುಮಾಲು ಕೈತಪ್ಪುತ್ತದೆ. ಹತ್ತದಿದ್ದರೆ ಮುದುಕಿ ಮನೆ ನೋಡದೆ ಬಸ್ಸು ಹತ್ತುತ್ತಾಳೆ. ಆ ವಯಸ್ಸಿನವಳು ಇನ್ನೊಮ್ಮೆ ಬಂದಾಳೆಂದು ನಂಬುವುದು ಹೇಗೆ? ಅವನು ಡೊಳ್ಳಿಗೆ ಬೆನ್ನು ಮಾಡಿದ.

ಮುದುಕಿ ಸಲೀಸಾಗಿ ಮೆಟ್ಟಿಲು ಹತ್ತಿದಳು. ಏದುಸಿರು ಬಿಟ್ಟವನು ಅವನೇ. ಎರಡು ಸಲ ಅವಳೇ ನಿಂತು ಅವನಿಗಾಗಿ ಕಾಯಬೇಕಾಯಿತು. ಬುರುಜಿನ ಮೇಲೆ ಅವಳು ಹಣೆಗೆ ಕೈ ಅಡ್ಡ ಹಿಡಿದು ಗಡಿಯಾಚೆ ಹುಡುಕಿದಳು. ದೂರದ ಹೊಲಗಳ ನಡುವೆ ಬೆಳ್ಳಗೆ ಒಂದು ಚುಕ್ಕೆ ಕಂಡಿತು.

"ಅದ ನೋಡು ನಮ್ಮನಿ! ಒಂದೊಂದು ಕಲ್ಲೂ ನಾನ ಹೊತ್ತು ಹಾಕೀನಿ."

ಅವಳ ಮುಖ ಅರಳಿತ್ತು. ತಾನು ತೋಡಿಸಿದ ಬಾವಿ ಯಾವುದು, ಮಗಳನ್ನು ಮದುವೆ ಮಾಡಿ ಕಳಿಸಿದ ದಾರಿ ಯಾವುದು ಎಂದು ಒಂದೊಂದಾಗಿ ಬೆರಳು ಮಾಡಿದಳು. ಮೂವತ್ತು ವರ್ಷ ಊರು ತೋರಿಸಿದವನಿಗೆ ಆ ದಿನ ಅವಳು ಊರು ತೋರಿಸಿದಳು. ಅವನಿಗೂ ಅದು ತನ್ನದೇ ಮನೆ ಎಂಬಷ್ಟು ಹೆಮ್ಮೆಯಾಯಿತು.

ಅವಳನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು. ಕಾದು ಕಾದು ಸಾಕಾಗಿ, ರುಮಾಲನ್ನು ಅಲ್ಲಿದ್ದ ಒಬ್ಬ ವರ್ತಕನಿಗೇ ಸುತ್ತಿ ಕಳಿಸಿದ್ದರು. ಅವನು ಬರಿದಲೆಯಲ್ಲಿ ಮನೆಗೆ ನಡೆದ. ಮರುದಿನ ಮೊದಲ ಬಸ್ಸಿನಿಂದ ಇಳಿದವರನ್ನು, "ಏನು ನೋಡಬೇಕೆಂದು ಬಂದಿರಿ?" ಎಂದು ಕೇಳಿದ.

ಗುರುಗಳು ಕತೆ ಮುಗಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ.

"ಆ ಮುದುಕಿಯೊಬ್ಬಳು ಬೇರೆ ಥರ, ಸರಿ. ಮಿಕ್ಕ ಮುದುಕರೆಲ್ಲ ಮೂವತ್ತು ವರ್ಷ ಗುಡಿಗೇ ಹೋದರಲ್ಲ ಗುರುಗಳೇ? ಹಾಗಾದರೆ ಅವನ ಅಂದಾಜು ಸರಿಯಾಗಿಯೇ ಇತ್ತಲ್ಲವೇ?"

"ಹೋದರಪ್ಪ," ಎಂದರು ಗುರುಗಳು, "ಕರೆದುಕೊಂಡು ಹೋದವನು ಅವನೇ ತಾನೆ?"