ಗೊಟ್ಟ ಕುಡಿದ ದುಭಾಷಿ

ಒಂದು ಕಾಡಿನಲ್ಲಿ ಮಾಳವ್ವ ಅನ್ನೋ ಎಮ್ಮೆ ಇದ್ದಳು. ಅವಳ ಪಕ್ಕದಲ್ಲೇ ಫ್ರಾನ್ಸ್ ದೇಶದ ಮಾರ್ಗೋ ಅನ್ನೋ ಹಸು ಎಳೆಗರುವಿನ ಜೊತೆ ಬಂದು ಬಿಡಾರ ಹೂಡಿದಳು. ಯಾಕೆ ಬಂದಳು, ಕರುವಿನ ಅಪ್ಪ ಎಲ್ಲಿ? ಕಾಡೆಲ್ಲ ಅದೇ ಗುಸುಗುಸು. ಅವಳಿಗೆ ಫ್ರೆಂಚ್ ಬಿಟ್ಟರೆ ಬೇರೆ ಮಾತು ಬಾರದು. ಹಾಗಾಗಿ ಯಾರಿಗೂ ಸುದ್ದಿ ಸಿಗಲಿಲ್ಲ, ಪಾಪ!

ಒಂದು ಬೆಳಗ್ಗೆ ಮಾರ್ಗೋ ಮಲಗಿದವಳು ಏಳಲೇ ಇಲ್ಲ. ಕರು ಹತ್ತಿರ ಹೋದರೆ ಒದ್ದಳು. ಹಸಿದ ಕರು ಅಂಬಾ ಅಂತ ಅರಚಿತು. ಮಾಳವ್ವನ ಕರುಳು ಚುರುಕ್ ಅಂದಿತು. ಕೊಕ್ಕರೆ ಡಾಕ್ಟರನ್ನು ಕರೆತಂದಳು. ಅವರಿಗೋ ಕಾಯಿಲೆಯ ಮಾತು ಇಂಗ್ಲಿಷಿನಲ್ಲಿ ಹೇಳಿದರೇನೇ ಮದ್ದು ಹೊಳೆಯೋದು. ಅಷ್ಟು ಬಿಗುಮಾನ!

"ಫ್ರೆಂಚಿನಿಂದ ಇಂಗ್ಲಿಷಿಗೆ ಹೇಳೋರನ್ನ ಹುಡುಕು ಮಾಳವ್ವ. ದನಕರುವಿನ ಕಷ್ಟ ಬಲ್ಲವರಾಗಿರಲಿ," ಎಂದರು.

ಪುದುಚೇರಿಯ ಫ್ರೆಂಚರ ಕೊಟ್ಟಿಗೆಯಲ್ಲಿ ಬೆಳೆದು, ಇಂಗ್ಲಿಷೂ ಕಲಿತಿದ್ದ ಸೆಲ್ವಿ ಮೈನಾ ಬಂದಳು. "ಮಾಡ್ತೀನಿ ಮಾಳವ್ವಕ್ಕ. ಆದ್ರೆ ನೋವಿನ ಮಾತು, ಎರಡೆರಡು ಸಲ ಕೇಳಿ ಹೇಳ್ಬೇಕು. ಹೊತ್ತು ಹಿಡಿಯುತ್ತೆ."

ಅಷ್ಟರಲ್ಲಿ ಸೊಗಸಪ್ಪ ನರಿ ಬಾಲ ಬೀಸಿಕೊಂಡು ಬಂದ. ಹೆಂಡತಿಗೆ ತಿಳಿಯದಂತೆ ಎರಡನೇ ಬಿಲ ಇಟ್ಟುಕೊಂಡಿದ್ದ ಭೂಪ ಇವನೇ!

"ಎರಡು ಸಲ ಕೇಳೋಳಿಗೆ ಭಾಷೆ ಬರುತ್ತಾ ಅಕ್ಕ? ನಾನು ಕಣ್ಣು ಮಿಟುಕಿಸೋದ್ರಲ್ಲಿ ಹೇಳ್ತೀನಿ. ದಿನಾ ಒಂದು ಗಡಿಗೆ ನಿನ್ನ ಗಟ್ಟಿ ಹಾಲು ಕೊಟ್ರೆ ಸಾಕು."

ಮಾಳವ್ವ ಅವಸರಕ್ಕೆ ಬಿದ್ದು ತಲೆಯಾಡಿಸಿದಳು. ಸೆಲ್ವಿ ಮುನಿಸಿಕೊಂಡು ಕೊಂಬೆಗೆ ಹಾರಿದಳು.

ನರಿ ಹಸುವಿನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಮಾರ್ಗೋ ಏನೇನೋ ಗೋಳು ಹೇಳಿಕೊಂಡಳು. ನರಿ ಅವಳ ದಪ್ಪ ಹೊಟ್ಟೆ ನೋಡಿ, ಹೊಟ್ಟೆಯುಬ್ಬರ ಅಂತ ಇಂಗ್ಲಿಷಿನಲ್ಲಿ ಒದರಿದ.

ಡಾಕ್ಟರು ಹರಳೆಣ್ಣೆಗೆ ಇಂಗು, ಬೆಳ್ಳುಳ್ಳಿ ಅರೆದು ಹಾಕಿ, ದನಕ್ಕೆ ಮದ್ದು ಕುಡಿಸೋ ಬಿದಿರಿನ ಗೊಟ್ಟ ತುಂಬಿಸಿದರು. "ನನ್ನ ಪದ್ಧತಿ ಒಂದಿದೆ. ರೋಗಿಯ ಪರವಾಗಿ ಮಾತಾಡಿದವರಿಗೆ ಮೊದಲ ಗೊಟ್ಟ. ಆಮೇಲೆ ರೋಗಿಗೆ. ಆಗ ಯಾರೂ ಸುಳ್ಳು ಹೇಳೋದಿಲ್ಲ."

"ಉಬ್ಬರ ನಂಗಲ್ಲ ಡಾಕ್ಟ್ರೇ!"

"ಬಾಯಿ ತೆಗಿ ಸೊಗಸಪ್ಪ. ಗಟ್ಟಿ ಹಾಲು ಅಂದ್ಕೊಂಡು ನುಂಗು," ಅಂತ ಮಾಳವ್ವ ಅವನನ್ನು ಒತ್ತಿ ಹಿಡಿದಳು.

ಗೊಟ್ಟದ ಮದ್ದು ಗಂಟಲಿಗಿಳಿಯಿತು. "ಅಯ್ಯಯ್ಯೋ! ನಂಗೆ ಫ್ರೆಂಚ್ ಬರಲ್ಲ, ಬಿಟ್ಬಿಡ್ರೋ!" ನರಿ ಕಾರಿಕೊಳ್ಳುತ್ತಾ ಬಿಲಕ್ಕೆ ಓಡಿದ. ಯಾವ ಬಿಲಕ್ಕೆ ಅಂತ ಆವತ್ತು ಹೆಂಡತಿಯೂ ನೋಡಿದಳು!

ಮಾಳವ್ವ ನಾಚಿಕೊಂಡು ಕೊಂಬೆಯತ್ತ ಕತ್ತೆತ್ತಿದಳು. "ತಪ್ಪಾಯ್ತು ಕಣೆ ಸೆಲ್ವಿ. ಕರು ಮುಖ ನೋಡಿಯಾದ್ರೂ ಇಳಿದು ಬಾರೇ ತಾಯಿ."

ಸೆಲ್ವಿ ಇಳಿದು ಬಂದಳು. ಒಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. "ಕೆಚ್ಚಲಿಗೆ ಮುಳ್ಳು ನಾಟಿದೆಯಂತೆ," ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ಉದ್ದನೆ ಕೊಕ್ಕು ಹಾಕಿ ಮುಳ್ಳು ಕಿತ್ತರು. ಮಾರ್ಗೋ ಎದ್ದು ನಿಂತಳು. ಕರು ಓಡಿ ಬಂದು ಬಾಲ ಕುಣಿಸುತ್ತಾ ಹಾಲು ಚಪ್ಪರಿಸಿತು.

ಮಾರ್ಗೋ ಮತ್ತೇನೋ ಅಂದಳು. "ಏನಂತೆ?" ಮಾಳವ್ವನಿಗೆ ತಡೆಯಲಾಗಲಿಲ್ಲ.

ಸೆಲ್ವಿ ನಗು ಅದುಮಿಕೊಂಡಳು. "ಬೆಳ್ಳಂಬೆಳಗ್ಗೆ ನನ್ನ ಕಿವಿಯಲ್ಲಿ ಫ್ರೆಂಚಿನಲ್ಲಿ 'ಶುಭರಾತ್ರಿ, ಶುಭರಾತ್ರಿ' ಅಂತಿದ್ದ ಆ ಮೂತಿ ಯಾರದು ಅಂತ ಕೇಳ್ತಿದ್ದಾಳೆ!"

ಕಾಡಿಗೆ ಕಾಡೇ ಬಿದ್ದು ಬಿದ್ದು ನಕ್ಕಿತು.

ನೀತಿ: ಇನ್ನೊಬ್ಬರ ನೋವು ಹೇಳಬೇಕಾದಾಗ ಎರಡು ಸಲ ಕೇಳಿ ಹೇಳುವವರನ್ನೇ ನಂಬಿ, ಬಾರದ್ದನ್ನು ಬಲ್ಲೆ ಎನ್ನುವವರು ಕೊನೆಗೆ ತಾವೇ ನಗೆಪಾಟಲಾಗುತ್ತಾರೆ.